ರೋಗಿಯ ಮಾತು ತಿಳಿಯದೆ ಪಾಠ ಮುಗಿಯದು: ಕಾಸರಗೋಡು ಮೆಡಿಕಲ್ ಕಾಲೇಜಿಗೊಂದು ಬಹಿರಂಗ ಪತ್ರ

ಕೇರಳದ ಆರೋಗ್ಯ ಸಚಿವರಿಗೆ, ಕಾಸರಗೋಡು ಸರಕಾರಿ ಮೆಡಿಕಲ್ ಕಾಲೇಜಿನ ಪ್ರಾಂಶುಪಾಲರಿಗೆ, ಅಲ್ಲಿ ಕಲಿಸುವ ಎಲ್ಲ ವೈದ್ಯರಿಗೆ,

ನಮಸ್ಕಾರ.

ಕಾಸರಗೋಡಿಗೆ ಮೆಡಿಕಲ್ ಕಾಲೇಜು ಬಂತು. ಈ ಒಂದು ಸಾಲು ಬರೆಯಲು ನಾವು ಎಷ್ಟು ಕಾದೆವು ಅಂತ ನಿಮಗೂ ಗೊತ್ತು. ಉಕ್ಕಿನಡ್ಕದಲ್ಲಿ ಶಿಲಾನ್ಯಾಸ ಆದದ್ದು 2013ರ ನವೆಂಬರ್ 30ರಂದು, ಉಮ್ಮನ್ ಚಾಂಡಿ ಮುಖ್ಯಮಂತ್ರಿ ಆಗಿದ್ದಾಗ. ಎಂಬಿಬಿಎಸ್ ತರಗತಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ, 50 ಸೀಟಿಗೆ. ಶಿಲಾನ್ಯಾಸದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಅಷ್ಟರಲ್ಲಿ ಪ್ಲಸ್ ಟು ಮುಗಿಸಿತ್ತು. ಉಕ್ಕಿನಡ್ಕದ ಆಸ್ಪತ್ರೆ ಕಟ್ಟಡ ಇನ್ನೂ ಪೂರ್ತಿ ಆಗದ ಕಾರಣ ಪೇಟೆಯ ಜನರಲ್ ಆಸ್ಪತ್ರೆಯನ್ನೇ ಕಾಲೇಜಿನ ಕಲಿಕೆಯ ಆಸ್ಪತ್ರೆ ಮಾಡಿದ್ದೀರಿ. ಬಡವರು ಮೊದಲಿಂದಲೂ ಬರುತ್ತಿದ್ದ ಜಾಗ ಅದು. ಈಗ ಅಲ್ಲಿ ಎಳೆಯ ವಿದ್ಯಾರ್ಥಿಗಳೂ ಬರುತ್ತಾರೆ. ನಮಗೆ ಇದು ನಿಜಕ್ಕೂ ಸಂತೋಷದ ವಿಷಯ.

ಕಟ್ಟಡದ ಬಗ್ಗೆ, ಸ್ಪೆಷಲಿಸ್ಟ್ ಡಾಕ್ಟರುಗಳ ಬಗ್ಗೆ, ಯಂತ್ರಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ಅವರು ಬರೆಯಲೇಬೇಕು, ನಾವೂ ದನಿಗೂಡಿಸುತ್ತೇವೆ. ಆದರೆ ಈ ಪತ್ರದಲ್ಲಿ ನನಗೆ ಹೇಳಲಿಕ್ಕಿರುವುದು ಒಂದೇ ವಿಷಯ. ಇಲ್ಲಿಯ ರೋಗಿ ಆಡುವ ಮಾತು ಆಸ್ಪತ್ರೆಗೆ ಅರ್ಥ ಆಗಬೇಕು, ಆಸ್ಪತ್ರೆ ಆಡುವ ಮಾತು ರೋಗಿಗೆ ಅರ್ಥ ಆಗಬೇಕು. ಇದನ್ನು ಬೋರ್ಡು ಬರೆಸುವ ವಿಷಯ ಅಂತ ನೋಡಬೇಡಿ. ಚಿಕಿತ್ಸೆಯ ವಿಷಯ ಅಂತ, ಪಾಠದ ವಿಷಯ ಅಂತ ನೋಡಿ.

ನಾನು ಬದಿಯಡ್ಕ ಕಡೆಯವಳು. ಗುಣವಾಗದ ಕಾಯಿಲೆಯವರನ್ನು, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಜತೆ ಮನೆಮನೆಗೆ ಹೋಗುವ ಸ್ವಯಂಸೇವಕಿ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಹಳ್ಳಿಹಳ್ಳಿಯಲ್ಲಿ ಇಂಥ ತಂಡಗಳು ಹುಟ್ಟಿದವು. ಅದು ಕೇರಳದ ಬಹಳ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನಾನು ಬರೆಯುವುದೆಲ್ಲ ಆ ಮನೆಗಳಲ್ಲಿ ಕಂಡದ್ದರಿಂದ ಹುಟ್ಟಿದ್ದು.

ಕಾಸರಗೋಡು ಜಿಲ್ಲೆಯ ಯಾವುದೇ ದೊಡ್ಡ ಸರಕಾರಿ ಆಸ್ಪತ್ರೆಯ ಒಪಿ (ಹೊರರೋಗಿ ವಿಭಾಗ) ಮುಂದೆ ಬೆಳಗ್ಗೆ ಸುಮ್ನೆ ಸ್ವಲ್ಪ ಹೊತ್ತು ನಿಂತು ಕೇಳಿ. ಎಣ್ಮಕಜೆಯ ಅಜ್ಜಿ ತುಳುವಿನಲ್ಲಿ ಸೊಂಟನೋವು ಹೇಳುತ್ತಿರುತ್ತಾರೆ. ಮಂಜೇಶ್ವರ ಕಡೆಯ ತಾಯಿ ಬ್ಯಾರಿಯಲ್ಲಿ ಮಗುವನ್ನು ಸಮಾಧಾನ ಮಾಡುತ್ತಿರುತ್ತಾರೆ. ಉಪ್ಪಳದಿಂದ ಉರ್ದು ಮನೆಮಾತಿನವರು ಬಂದಿರುತ್ತಾರೆ. ಕೊಂಕಣಿಯವರು ಇರುತ್ತಾರೆ, ಮರಾಟಿ ಸಮುದಾಯದವರು ಇರುತ್ತಾರೆ. ಕೊರಗ ಸಮುದಾಯದ ಜನ ಕೇರಳದಲ್ಲಿ ಇರುವುದೇ ನಮ್ಮ ಜಿಲ್ಲೆಯಲ್ಲಿ, ಅವರಿಗೆ ಅವರದೇ ಭಾಷೆ ಉಂಟು. ದಕ್ಷಿಣದ ಗುಡ್ಡಗಳಿಂದ ಬರುವ ಮಾವಿಲರು ಆಡುವುದು ತುಳುವಿನದೇ ಒಂದು ಬಗೆ. ಇದರ ಮಧ್ಯೆ ಕಟ್ಟಡ ಕೆಲಸಕ್ಕೆ ಬಂದ ಬಂಗಾಳದ ಹುಡುಗ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿರುತ್ತಾನೆ. ಮನೆಯಲ್ಲಿ ಹವ್ಯಕ ಕನ್ನಡವೋ ಬೇರೆ ಕನ್ನಡವೋ ಆಡುವವರು, ಶಾಲೆಯಲ್ಲಿ ಕನ್ನಡ ಮಾತ್ರ ಓದಿದವರು, ಇಂಥವರೂ ಎಷ್ಟೋ ಜನ. ಬೀಡಿ ಕಟ್ಟುವವರು, ಅಡಿಕೆ ತೋಟದಲ್ಲಿ ಕೂಲಿ ಮಾಡುವವರು, ಮೀನು ಮಾರುವವರು. ಒಂದು ದಿನ ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಯಿತು.

ಸಪ್ತಭಾಷೆಗಳ ಸಂಗಮಭೂಮಿ ಅಂತ ನಮ್ಮ ಜಿಲ್ಲೆಯನ್ನು ಪ್ರತಿ ವೇದಿಕೆಯಲ್ಲೂ ಹೊಗಳುತ್ತೇವೆ. ಆದರೆ ರೋಗಿ ಯಾವ ಭಾಷೆಯವರು ಅಂತ ಒಪಿ ಚೀಟಿ ಕೇಳುವುದಿಲ್ಲ. ಹೆಸರು, ವಯಸ್ಸು, ವಿಳಾಸ, ಫೋನ್ ನಂಬರ್ ಇಷ್ಟೇ.

ಇದರಿಂದ ಏನಾಗುತ್ತದೆ ಅಂತ ಒಂದು ಮನೆಯ ಕಥೆ ಹೇಳುತ್ತೇನೆ.

ಒಂದು ಮಳೆಗಾಲದಲ್ಲಿ ನಾವು ಗುಡ್ಡದ ಮೇಲಿನ ಆ ಮನೆಗೆ ಹೋದೆವು. ನಮ್ಮ ಪಟ್ಟಿಯಲ್ಲಿ ಇದ್ದದ್ದು ಆ ಮನೆಯ ಯಜಮಾನರು. ಪಾರ್ಶ್ವವಾಯು ಹೊಡೆದು ಮಲಗಿದ್ದವರು. ನರ್ಸ್ ಅವರ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಿದ್ದಾಗ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದುದು ಕಣ್ಣಿಗೆ ಬಿತ್ತು. ಬಾಯಿ ತೋರಿಸಿ ಅಂದರೆ ಒಳಗೆಲ್ಲ ಹುಣ್ಣು. ಗಂಜಿತಿಳಿ ಕೂಡ ಇಳಿಯುವುದಿಲ್ಲ ಅಂದರು. ಏನು ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳಿದಾಗ ಗೋಡೆಯ ಮೊಳೆಗೆ ತೂಗು ಹಾಕಿದ್ದ ಪ್ಲಾಸ್ಟಿಕ್ ಚೀಲ ತೆಗೆದು ಚಾಪೆಯ ಮೇಲೆ ಸುರಿದರು. ಸಣ್ಣ ಸಣ್ಣ ಕಾಗದದ ಕವರುಗಳು. ಅದರಲ್ಲಿ ಒಂದು ಮೆಥೋಟ್ರೆಕ್ಸೇಟ್. ಗಂಟುಗಂಟು ಊದಿಕೊಳ್ಳುವ ಸಂಧಿವಾತಕ್ಕೆ ಕೊಡುವ ಮಾತ್ರೆ. ಅದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ದಿನಾ ತಗೊಂಡರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಇಳಿಯುತ್ತವೆ, ಜೀವಕ್ಕೇ ಅಪಾಯ.

ಅವರು ದಿನಾ ತಗೊಂಡಿದ್ದರು. ನರ್ಸ್ ಸ್ಟ್ರಿಪ್ ಎಣಿಸಿ ನೋಡಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಅದೇ ಜೀಪಿನಲ್ಲಿ ಅವರನ್ನು ಕರೆದುಕೊಂಡು ಹೋದರು. ಬದುಕಿದರು. ಈಗ ಹುಷಾರಾಗಿದ್ದಾರೆ.

ಆ ಚೀಟಿ ಕೊಟ್ಟ ಡಾಕ್ಟರು ತಪ್ಪು ಮಾಡಿರಲಿಲ್ಲ. ವಾರಕ್ಕೊಂದು ಅಂತ ಸರಿಯಾಗಿಯೇ ಬರೆದಿದ್ದರು, ಇಂಗ್ಲಿಷಿನಲ್ಲಿ. ಬಾಯಲ್ಲೂ ಹೇಳಿದ್ದರಂತೆ, ಮಲಯಾಳದಲ್ಲಿ. ಔಷಧಿ ಕೊಡುವ ಕಿಟಕಿಯಲ್ಲೂ ಹೇಳಿದ್ದರಂತೆ. ಈ ಹೆಂಗಸು ತುಳು ಆಡುವವರು, ಓದುವುದು ಬರೆಯುವುದು ಕನ್ನಡದಲ್ಲಿ. ಗೊತ್ತಾಯ್ತಾ ಅಂತ ಕೇಳಿದಾಗ ಹೂಂ ಅಂದಿದ್ದರು. ಅಷ್ಟು ಜನ ಹಿಂದೆ ನಿಂತಿರುವಾಗ ಇನ್ನೊಮ್ಮೆ ಹೇಳಿ ಅಂತ ಯಾವ ಬಡವರು ಕೇಳುತ್ತಾರೆ? ಆ ಕವರಿನ ಮೇಲೆ 'ಬುಧವಾರ ಮಾತ್ರ' ಅಂತ ಕನ್ನಡದಲ್ಲಿ ಎರಡು ಪದ ಇದ್ದಿದ್ದರೆ ಸಾಕಿತ್ತು.

ಇನ್ನೊಂದು ವಿಷಯ ಬರೆಯಲು ನನಗೆ ಸಂಕಟ ಆಗುತ್ತದೆ, ಆದರೂ ಬರೆಯಬೇಕು. ನಮ್ಮ ಕಡೆಯ ಹೆಂಗಸರು ದೊಡ್ಡ ಆಸ್ಪತ್ರೆಗೆ ಹೋಗುವಾಗ ಮಲಯಾಳ ಬಲ್ಲ ಒಬ್ಬರನ್ನು ಜತೆಗೆ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ಸಲ ಅದು ಶಾಲೆಗೆ ಹೋಗುವ ಮಗ, ಇಲ್ಲವೇ ಮೊಮ್ಮಗ. ಹನ್ನೆರಡು ವರ್ಷದ ಹುಡುಗನ ಬಾಯಿಂದ ತಾಯಿ ತನ್ನ ಮುಟ್ಟಿನ ತೊಂದರೆ ಹೇಳಿಸಬೇಕು. ಹೇಳುತ್ತಾಳಾ? ಹೊಟ್ಟೆನೋವು ಅಂತ ಹೇಳಿಸಿ, ಗ್ಯಾಸಿನ ಮಾತ್ರೆ ತಗೊಂಡು ಮನೆಗೆ ಬರುತ್ತಾಳೆ. ತಿಂಗಳುಗಟ್ಟಲೆ ವಿಪರೀತ ರಕ್ತ ಹೋಗಿ, ಮೆಟ್ಟಿಲು ಹತ್ತಲಾರದೆ ಕುಸಿದು ಕೂತಾಗ ಮಾತ್ರ ನಿಜ ಹೊರಗೆ ಬಂದ ಒಬ್ಬ ತಾಯಿಯನ್ನು ನಾನು ಬಲ್ಲೆ. ಆ ಹುಡುಗನಿಗೆ ಇವತ್ತಿಗೂ ಆಸ್ಪತ್ರೆ ಅಂದರೆ ಹೆದರಿಕೆ. ಅಮ್ಮನ ಕಾಯಿಲೆ ತಾನು ಸರಿಯಾಗಿ ಹೇಳಲಿಲ್ಲ ಅಂತ ಅವನ ಮನಸ್ಸಿನಲ್ಲಿ ಕೂತಿದೆ. ಮಕ್ಕಳ ತಲೆ ಮೇಲೆ ಈ ಭಾರ ಹೊರಿಸುವುದು ತಪ್ಪು. ಇದನ್ನು ನಿಲ್ಲಿಸಬಹುದಾದವರು ನೀವು.

ಇಲ್ಲಿ ಎಲ್ಲರಿಗೂ ಮಲಯಾಳ ಬರುತ್ತದಲ್ಲ ಅಂತ ನೀವು ಕೇಳಬಹುದು. ಕೇಳುವವರು ಜಾಸ್ತಿಯೇ ಇದ್ದಾರೆ. ಮೀನು ಕೊಳ್ಳಲು, ಬಸ್ಸಿನಲ್ಲಿ ಟಿಕೆಟ್ ತಗೊಳ್ಳಲು ಬೇಕಾದಷ್ಟು ಮಲಯಾಳ ನಮ್ಮ ಬಹಳ ಜನರಿಗೆ ಬರುತ್ತದೆ, ನಿಜ. ಆದರೆ ಎದೆಯಲ್ಲಿ ಆಗುವುದು ಉರಿಯೋ, ಚುಚ್ಚುವುದೋ, ಕಲ್ಲು ಇಟ್ಟ ಹಾಗೆ ಒತ್ತುವುದೋ ಅಂತ ಬಿಡಿಸಿ ಹೇಳುವುದಕ್ಕೆ ಆ ಮಲಯಾಳ ಸಾಲುವುದಿಲ್ಲ. ಹೆರಿಗೆ ನೋವಿನಲ್ಲಿ ಕೂಗುವ ಹೆಂಗಸಿಗೆ ಎರಡನೇ ಭಾಷೆ ನೆನಪಿಗೆ ಬರುವುದಿಲ್ಲ. ಮರೆವಿನ ಕಾಯಿಲೆ ಬಂದ ಮುದುಕರು ಆಮೇಲೆ ಕಲಿತ ಭಾಷೆಯನ್ನೇ ಮೊದಲು ಕಳಕೊಂಡು ಚಿಕ್ಕಂದಿನ ಮಾತಿಗೆ ಹಿಂದೆ ಹೋಗುವುದನ್ನು ನಾವು ಮನೆಗಳಲ್ಲಿ ನೋಡುತ್ತೇವೆ, ವೈದ್ಯರಿಗೂ ಇದು ಗೊತ್ತಿರುವ ವಿಷಯ. ಐವತ್ತು ವರ್ಷ ಕಾಞಂಗಾಡಿನಲ್ಲಿ ಹೋಟೆಲು ನಡೆಸಿ ಮಲಯಾಳವನ್ನೇ ಆಡಿದ ಅಜ್ಜ ಈಗ ತುಳು ಬಿಟ್ಟು ಬೇರೇನೂ ಆಡುವುದಿಲ್ಲ. ಅವರ ನೆನಪಿನ ಶಕ್ತಿ ಪರೀಕ್ಷೆ ಮಲಯಾಳದಲ್ಲಿ ಮಾಡಿದರೆ ಫಲಿತಾಂಶ ಏನು ಬರುತ್ತದೆ? ಸ್ಟ್ರೋಕ್ ಆಗಿ ಮಾತು ನಿಂತವರಿಗೆ ಮಾತು ಕಲಿಸುವ ಚಿಕಿತ್ಸೆ ಯಾವ ಭಾಷೆಯಲ್ಲಿ? ಮೂರು ವರ್ಷದ ಮಗು ಡಾಕ್ಟರ ಪ್ರಶ್ನೆಗೆ ಉತ್ತರ ಕೊಡದೆ ಇದ್ದರೆ ಅದಕ್ಕೆ ಮಾತು ತಡವೋ, ಇಲ್ಲಾ ಆ ಭಾಷೆ ಹೊಸತೋ? ಮನಸ್ಸಿನ ಕಾಯಿಲೆಯ ವಿಷಯವಂತೂ ಹೇಳುವುದೇ ಬೇಡ. ಅಲ್ಲಿ ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ರೋಗಿ ಹೇಳುವ ಮಾತೇ ಎಲ್ಲ.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಇದು ಮಲಯಾಳದ ವಿರುದ್ಧ ಬರೆದ ಪತ್ರ ಅಲ್ಲ. ಮಲಯಾಳ ನಮ್ಮ ನೆರೆಮನೆಯ ಭಾಷೆ, ನನ್ನ ಜತೆ ಕೆಲಸ ಮಾಡುವ ನರ್ಸಿನ ಭಾಷೆ. ಅವರು ದಕ್ಷಿಣದ ಜಿಲ್ಲೆಯವರು. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಅಕ್ಷರ ತುಳು ಬರುತ್ತಿರಲಿಲ್ಲ. ಈಗ ಅಜ್ಜಿಯಂದಿರ ಜತೆ ತುಳುವಿನಲ್ಲಿ ಜಗಳ ಆಡಿ ಮಾತ್ರೆ ನುಂಗಿಸುತ್ತಾರೆ. ಯಾರೂ ಅವರಿಗೆ ಕಲಿಸಲಿಲ್ಲ, ರೋಗಿಗಳ ಬಾಯಿಂದ ಕಲಿತರು. ಅವರು ಅಂಗಳಕ್ಕೆ ಕಾಲಿಟ್ಟರೆ ಮನೆಯವರ ಮುಖ ಅರಳುತ್ತದೆ. ಇಂಥವರು ನಿಮ್ಮ ಆಸ್ಪತ್ರೆಯಲ್ಲೂ ಖಂಡಿತ ಇರುತ್ತಾರೆ. ಆದರೆ ಒಬ್ಬ ಒಳ್ಳೆಯ ನರ್ಸ್ ತಾನಾಗಿ ಕಲಿತದ್ದನ್ನು ನಂಬಿಕೊಂಡು ಇಡೀ ಮೆಡಿಕಲ್ ಕಾಲೇಜು ನಡೆಯಬಾರದು ಅಲ್ವಾ?

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಕಲಿಕೆಯ ಆಸ್ಪತ್ರೆಗೂ ಬೇರೆ ಆಸ್ಪತ್ರೆಗೂ ಇರುವ ವ್ಯತ್ಯಾಸ ಇಲ್ಲೇ ಇರುವುದು. ಅಲ್ಲಿ ರೋಗಿ ಚಿಕಿತ್ಸೆ ಪಡೆಯುವುದು ಮಾತ್ರ ಅಲ್ಲ, ಕಲಿಸುತ್ತಾರೆ ಕೂಡ. ಒಂದು ಹಾಸಿಗೆಯ ಸುತ್ತ ಹತ್ತು ಮಂದಿ ಬಿಳಿ ಕೋಟಿನವರು ನಿಂತು, ಹೊಟ್ಟೆ ಒತ್ತಿ ನೋಡಿ, ಇಂಗ್ಲಿಷಿನಲ್ಲಿ ಚರ್ಚೆ ಮಾಡಿ ಹೋಗುತ್ತಾರೆ. ಹಾಸಿಗೆಯಲ್ಲಿ ಇರುವವರಿಗೆ ತನಗೆ ಏನಾಗಿದೆ, ಇವರೆಲ್ಲ ಯಾಕೆ ಬಂದರು ಅಂತ ಗೊತ್ತಾಗುವುದಿಲ್ಲ. ದುಡ್ಡಿದ್ದವರು ಬೇರೆ ಕಡೆ ಹೋಗುತ್ತಾರೆ. ಹಾಗಾಗಿ ಡಾಕ್ಟರು ಆಗುವವರಿಗೆ ತನ್ನ ಮೈಯನ್ನೇ ಪಾಠಕ್ಕೆ ಒಪ್ಪಿಸುವವರು ಯಾವಾಗಲೂ ಬಡವರೇ. ಅವರು ಇಷ್ಟು ಕೊಡುವಾಗ, ಅವರ ಭಾಷೆಯಲ್ಲಿ ಒಂದು ಮಾತು ಕೇಳಿ ಒಪ್ಪಿಗೆ ತಗೊಳ್ಳುವುದು, ಆಮೇಲೆ ನಿಮ್ಮ ಕಾಯಿಲೆ ಹೀಗೆ ಅಂತ ಹೇಳುವುದು ದೊಡ್ಡ ಬೇಡಿಕೆ ಏನಲ್ಲ.

ವಿದ್ಯಾರ್ಥಿಗೂ ಇದರಿಂದ ನಷ್ಟ ಉಂಟು. ಎಂಬಿಬಿಎಸ್‌ನಲ್ಲಿ ಮೊದಲು ಕಲಿಸುವುದೇ ರೋಗಿಯ ಕಥೆ ಕೇಳುವುದು. ಯಾವಾಗ ಶುರುವಾಯಿತು, ಹೇಗೆ ಏರಿತು, ಏನು ಮಾಡಿದರೆ ಕಡಿಮೆ ಆಗುತ್ತದೆ, ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ, ಕೆಲಸ ಏನು. ನಮ್ಮವರು ದಿನಾಂಕ ಹೇಳುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಶುರುವಾಯಿತು ಅನ್ನುತ್ತಾರೆ, ಅಡಿಕೆಗೆ ಮದ್ದು ಬಿಡುವ ಸಮಯಕ್ಕೆ ಅನ್ನುತ್ತಾರೆ, ಊರ ದೈವದ ಕೋಲ ಕಳೆದ ಮೇಲೆ ಅನ್ನುತ್ತಾರೆ. ತೋಟಕ್ಕೆ ಮದ್ದು ಬಿಟ್ಟ ಮಾರನೇ ದಿನ ಉಸಿರು ಕಟ್ಟಿತು ಅಂತ ರೋಗಿ ಹೇಳಿದ್ದು ವಿದ್ಯಾರ್ಥಿಗೆ ಅರ್ಥ ಆಗದೆ ಹೋದರೆ ಕೇಸ್ ಶೀಟಿನಲ್ಲಿ ಬರೀ ಕೆಮ್ಮು ಅಂತ ಉಳಿಯುತ್ತದೆ. ಐದು ವರ್ಷ ಹೀಗೆ ಕಲಿತವರು ಕಥೆ ಕೇಳುವುದನ್ನು ಕಲಿಯುವುದೇ ಇಲ್ಲ. ಸೀದಾ ಟೆಸ್ಟ್ ಬರೆಯುವುದನ್ನು ಕಲಿಯುತ್ತಾರೆ.

ರೋಗಿಯ ಮಾತು ಕೇಳಿದರೆ ಏನು ಸಾಧ್ಯ ಅನ್ನುವುದಕ್ಕೆ ಸಾಕ್ಷಿ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಉಕ್ಕಿನಡ್ಕದಿಂದ ಹೆಚ್ಚು ದೂರ ಇಲ್ಲದ ಪಡ್ರೆ, ವಾಣಿನಗರ, ಸ್ವರ್ಗ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳು ಅವು. ಅಲ್ಲಿ ಏನೋ ಸರಿ ಇಲ್ಲ ಅಂತ ಮೊದಲು ಕಂಡುಕೊಂಡವರಲ್ಲಿ ವಾಣಿನಗರದ ಊರ ವೈದ್ಯರು ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. ಅವರ ಹತ್ತಿರ ದೊಡ್ಡ ಲ್ಯಾಬ್ ಇರಲಿಲ್ಲ. ಅವರಿಗೆ ಊರಿನ ಮನೆಗಳು ಗೊತ್ತಿದ್ದವು, ಜನರ ಮಾತು ಗೊತ್ತಿತ್ತು. ಈ ಮನೆಯಲ್ಲಿ ಹೀಗೆ, ಆ ಮನೆಯಲ್ಲಿ ಹಾಗೆ ಅಂತ ತಾಯಂದಿರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಟ್ಟಿಗೆ ಇಟ್ಟು ನೋಡಿದರು. ಆಮೇಲೆ ಹೋರಾಟ ಬೆಳೆಯಿತು, ತಜ್ಞರು ಬಂದರು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಆ ವಿಷವನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಆದೇಶ ಆಯಿತು. ಇದೆಲ್ಲದರ ಬುಡದಲ್ಲಿ ಇದ್ದದ್ದು ರೋಗಿ ಆಡಿದ ಮಾತು ಅರ್ಥ ಆಗುವ ವೈದ್ಯರು. ಆ ಮಣ್ಣಿನಲ್ಲಿ ಕಟ್ಟುತ್ತಿರುವ ಮೆಡಿಕಲ್ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಕೊಡಬೇಕಾದ ಮೊದಲ ಪಾಠ ಇದೇ ಅಂತ ನನ್ನ ನಂಬಿಕೆ.

ಆ ಮನೆಗಳ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ತಾಯಂದಿರು ಮುದುಕಿಯರಾಗಿದ್ದಾರೆ. ಮಗನನ್ನು ಎತ್ತಿಕೊಂಡು ಎಷ್ಟೋ ಆಸ್ಪತ್ರೆ ಸುತ್ತಿದ ಅವರಿಗೆ ಈ ಕಾಲೇಜು ಹತ್ತಿರದಲ್ಲಿ ಬಂದದ್ದು ದೊಡ್ಡ ಆಸರೆ. ಅವರು ಮೂವತ್ತು ವರ್ಷದ ಕಥೆಯನ್ನು ಇನ್ನು ಯಾರದೋ ಬಾಯಿಂದ ಹೇಳಿಸುವ ಹಾಗೆ ಆಗಬಾರದು.

ಮಂಜೇಶ್ವರ, ಕಾಸರಗೋಡು ತಾಲೂಕಿನ ಜನ ಯಾಕೆ ಮಂಗಳೂರಿಗೆ ಹೋಗುತ್ತಾರೆ ಅಂತ ತಿರುವನಂತಪುರದಲ್ಲಿ ಆಗಾಗ ಕೇಳುತ್ತಾರೆ. ಹತ್ತಿರ ಅನ್ನುವುದು ಒಂದು ಕಾರಣ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್, ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಅದಕ್ಕಿಂತ ದೂರ. ಆದರೆ ದೂರ ಒಂದೇ ಕಾರಣ ಅಲ್ಲ. ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಕೈಯಲ್ಲಿ ಇದ್ದು, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ಚಿಕಿತ್ಸೆ ಇಲ್ಲೇ ಸಿಗುವ ಹಾಗೆ ಇದ್ದರೂ, ಒಡವೆ ಅಡವಿಟ್ಟು ಗಡಿ ದಾಟಿದವರನ್ನು ನಾನು ಬಲ್ಲೆ. ಅಲ್ಲಿ ಹೋದರೆ ನಾವು ಹೇಳುವುದು ಅವರಿಗೆ ಗೊತ್ತಾಗುತ್ತದೆ, ಅವರು ಹೇಳುವುದು ನಮಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರಲ್ಲಿ ಶುರುವಾದದ್ದು. ದಶಕಗಳಿಂದ ಅಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಬಡ ರೋಗಿಗಳ ನಡುವೆ ಕಲಿಯುತ್ತಾರೆ. ಮಂಗಳೂರು, ಮಣಿಪಾಲದ ಕಡೆ ಹೊರರಾಜ್ಯದ ವಿದ್ಯಾರ್ಥಿಗಳಿಗೆ ಆಡುಮಾತಿನ ಕನ್ನಡ ಹೇಳಿಕೊಡುವ ರೂಢಿ ಇದೆ. ಅಲ್ಲಿ ಸಾಧ್ಯ ಆದದ್ದು ಇಲ್ಲಿ ಯಾಕೆ ಆಗಬಾರದು?

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನ ಆ ದಾರಿಯೂ ಮುಚ್ಚಿತು. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತವು, ಒಳರಸ್ತೆಗಳಿಗೆ ಮಣ್ಣು ಸುರಿದರು. ಚಿಕಿತ್ಸೆ ಸಿಗದೆ ನಮ್ಮ ಹಲವರು ತೀರಿಹೋದರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಏಪ್ರಿಲಿನಲ್ಲಿ ಉಕ್ಕಿನಡ್ಕದ ಕಟ್ಟಡವನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದಿರಿ, ತಿರುವನಂತಪುರ ಮೆಡಿಕಲ್ ಕಾಲೇಜಿನ ವೈದ್ಯರ ತಂಡ ಇಷ್ಟು ದೂರ ಬಂದು ಕೆಲಸ ಮಾಡಿತು. ಆ ಉಪಕಾರ ನಾವು ಮರೆತಿಲ್ಲ. ಆದರೆ ಆ ದಿನಗಳು ಕಲಿಸಿದ್ದು ಏನು? ನಮ್ಮ ಜನರಿಗೆ ನಂಬಿಕೆ ಬರುವಂಥ ಆಸ್ಪತ್ರೆ ನಮ್ಮ ಜಿಲ್ಲೆಯಲ್ಲೇ ಬೇಕು. ನಂಬಿಕೆ ಮಾತಿನಿಂದ ಶುರುವಾಗುತ್ತದೆ.

ಕಾನೂನು ನಮ್ಮ ಪರ ಇದೆ ಅನ್ನುವುದನ್ನೂ ನೆನಪಿಸಬೇಕು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜತೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ. ಸಂವಿಧಾನದ 350ನೇ ವಿಧಿ ಕೂಡ ಯಾರೇ ಆಗಲಿ ತಮ್ಮ ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ. ಒಂದು ಅರ್ಜಿಗೇ ಇಷ್ಟು ಹಕ್ಕು ಇರುವಾಗ ಆಪರೇಶನ್ನಿನ ಒಪ್ಪಿಗೆ ಪತ್ರಕ್ಕೆ ಎಷ್ಟು ಇರಬೇಕು! 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಏನು ಮಾಡುತ್ತೇವೆ, ಏನು ಅಪಾಯ, ಬೇರೆ ದಾರಿ ಏನು ಅಂತ ಸಾಕಷ್ಟು ತಿಳಿಸಿ ಪಡೆದರೆ ಮಾತ್ರ ಅದು ನಿಜವಾದ ಒಪ್ಪಿಗೆ. ಅರ್ಥ ಆಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಒಪ್ಪಿಗೆ ಅಂತ ನೀವಾದರೂ ಹೇಗೆ ಅಂದುಕೊಳ್ಳುತ್ತೀರಿ?

ಹಾಗಾದರೆ ಏನು ಮಾಡಬೇಕು? ದೊಡ್ಡ ದುಡ್ಡಿನ ಕೆಲಸ ಅಲ್ಲ. ಇ-ಹೆಲ್ತ್ ಕಂಪ್ಯೂಟರಿನಲ್ಲಿ ರೋಗಿಯ ಹೆಸರು ಬರೆಯುವಾಗಲೇ ಯಾವ ಭಾಷೆಯಲ್ಲಿ ಮಾತಾಡಿದರೆ ಅನುಕೂಲ ಅಂತ ಕೇಳಿ ದಾಖಲಿಸಿ. ಚೀಟಿಯ ಮೇಲೆ ಅದು ಅಚ್ಚಾಗಲಿ. ಡಾಕ್ಟರರ ಕೈಗೆ ಚೀಟಿ ಬಂದ ಕೂಡಲೇ ಗೊತ್ತಾಗಬೇಕು, ಇವರ ಜತೆ ಇನ್ನೊಬ್ಬರನ್ನು ಕೂರಿಸಿಕೊಂಡು ಮಾತಾಡಬೇಕು ಅಂತ. ಆ ಇನ್ನೊಬ್ಬರು ಯಾರು? ತುಳು, ಕನ್ನಡ, ಬ್ಯಾರಿ, ಮಲಯಾಳ ಎಲ್ಲ ಬಲ್ಲ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಆಶಾ ಕಾರ್ಯಕರ್ತೆಯರಲ್ಲಿ ಬಹಳ ಮಂದಿ ಈಗಲೇ ಈ ಕೆಲಸ ಮಾಡುತ್ತಿದ್ದಾರೆ, ಬಸ್ ಚಾರ್ಜು ಕೂಡ ಕೈಯಿಂದ ಹಾಕಿ. ಅಂಥವರಿಗೆ ತರಬೇತಿ ಕೊಡಿ, ಗುಟ್ಟು ಕಾಪಾಡುವುದು ಹೇಗೆ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಹೇಗೆ ಅಂತ ಕಲಿಸಿ, ಸಂಬಳ ಕೊಟ್ಟು ನೇಮಿಸಿ. ದಯವಿಟ್ಟು ಸಂಬಳ ಕೊಡಿ. ಸೇವೆ ಅಂತ ಹೇಳಿ ಬಡ ಹೆಂಗಸರಿಂದ ಉಚಿತವಾಗಿ ಕೆಲಸ ಮಾಡಿಸುವುದು ಇಲ್ಲೂ ಮುಂದುವರಿಯಬಾರದು.

ನಮ್ಮ ಒಪಿಯ ಗದ್ದಲದಲ್ಲಿ ಇದಕ್ಕೆಲ್ಲ ಸಮಯ ಎಲ್ಲಿ ಅಂತ ವೈದ್ಯರು ಕೇಳಬಹುದು. ಅವರ ಕಷ್ಟ ನಾನು ಕಂಡಿದ್ದೇನೆ. ಮಧ್ಯಾಹ್ನ ಊಟ ಮಾಡಲೂ ಏಳುವುದಿಲ್ಲ. ಆದರೆ ಅರ್ಥ ಆಗದ ರೋಗಿ ಮತ್ತೆ ಮತ್ತೆ ಅದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ, ಇಲ್ಲವೇ ಕಾಯಿಲೆ ಜೋರಾದ ಮೇಲೆ ಕ್ಯಾಶುವಾಲ್ಟಿಗೆ ಬರುತ್ತಾರೆ. ಆ ಸಮಯವನ್ನೂ ಲೆಕ್ಕ ಹಾಕಿ ನೋಡಿ.

ಮಾತ್ರೆ ಕವರುಗಳ ಮೇಲೆ ಕನ್ನಡದಲ್ಲೂ ಅಚ್ಚು ಹಾಕಿಸಿ, ಓದಲು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಇರಲಿ. ವಾರಕ್ಕೊಂದು ಮಾತ್ರೆಗೆ ಬೇರೆಯೇ ಬಣ್ಣದ ಕವರು ಇರಲಿ. ಡಿಸ್ಚಾರ್ಜ್ ಮಾಡುವಾಗ ಇಂಗ್ಲಿಷ್ ಕಾಗದದ ಜತೆ ಅರ್ಧ ಪುಟ ಕನ್ನಡದಲ್ಲಿ, ಮಲಯಾಳದಲ್ಲಿ ಬರೆದು ಕೊಡಿ. ಯಾಕೆಂದರೆ ಮಲಯಾಳಿ ಬಡವರಿಗೂ ಆ ಇಂಗ್ಲಿಷ್ ಕಾಗದ ಅರ್ಥ ಆಗುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ ಬೇಕೇ ಬೇಕು. ತುಳು, ಬ್ಯಾರಿ, ಕೊರಗ ಭಾಷೆಗಳಲ್ಲಿ ಓದುವುದಕ್ಕಿಂತ ಕೇಳುವುದು ಸುಲಭ. ಅದಕ್ಕೆ ಧ್ವನಿಮುದ್ರಿಸಿ ಫೋನಿನಲ್ಲಿ ಕೇಳಿಸಬಹುದು. ನೇಮಕಾತಿಯ ವಿಷಯದಲ್ಲಿ, ಕನ್ನಡ ಮಲಯಾಳ ಎರಡೂ ಬಲ್ಲ ಗುಮಾಸ್ತರು ಬೇಕು ಅಂತ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗ) ನಮ್ಮ ಜಿಲ್ಲೆಗೆ ಬೇರೆಯಾಗಿಯೇ ಹುದ್ದೆ ಕರೆಯುತ್ತದೆ. ಕಡತಕ್ಕೆ ಆ ಕಾಳಜಿ ಇರುವಾಗ ವಾರ್ಡಿನ ನರ್ಸಿಗೆ, ಫಾರ್ಮಸಿಸ್ಟಿಗೆ, ಕೌನ್ಸೆಲರಿಗೆ ಯಾಕೆ ಬೇಡ?

ವಿದ್ಯಾರ್ಥಿಗಳ ವಿಷಯ ಕೊನೆಗೆ ಇಟ್ಟಿದ್ದೇನೆ, ನನಗೆ ಜಾಸ್ತಿ ಆಸೆ ಇರುವುದು ಅವರ ಮೇಲೆ. ದೇಶದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಶುರುವಿನ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಲು ಈಗಾಗಲೇ ಜಾಗ ಇದೆ. ಕಾಸರಗೋಡಿನಲ್ಲಿ ಸ್ಥಳೀಯ ಭಾಷೆ ಅಂದರೆ ಮಲಯಾಳ ಒಂದೇ ಅಂತ ತಿಳಿಯಬೇಡಿ. ಆಡುಮಾತಿನ ತುಳು, ಕನ್ನಡ ಅದರಲ್ಲಿ ಸೇರಲಿ. ಪಾಂಡಿತ್ಯ ಬೇಡ, ಎಲ್ಲಿ ನೋವು, ಎಷ್ಟು ದಿನ ಆಯಿತು, ಹೆದರಬೇಡಿ ಅನ್ನುವಷ್ಟು ಸಾಕು. ವಾರ್ಡಿನ ಪರೀಕ್ಷೆಯಲ್ಲಿ ರೋಗಿಗೆ ಅರ್ಥ ಆಗುವ ಹಾಗೆ ವಿವರಿಸಿದ್ದಕ್ಕೂ ಅಂಕ ಇರಲಿ. ಅಂಕ ಇಲ್ಲದ್ದನ್ನು ಮಕ್ಕಳು ಕಲಿಯುವುದಿಲ್ಲ ಅಂತ ಕಲಿಸುವ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನು, ಪ್ರತಿ ವಿದ್ಯಾರ್ಥಿ ಕೆಲವು ಕುಟುಂಬಗಳನ್ನು ದತ್ತು ತಗೊಂಡು ವರ್ಷಗಟ್ಟಲೆ ಅವರ ಆರೋಗ್ಯ ನೋಡಿಕೊಳ್ಳಬೇಕು ಅಂತ ವೈದ್ಯಕೀಯ ಆಯೋಗದ ನಿಯಮ ಉಂಟು. ಆ ಕುಟುಂಬಗಳನ್ನು ಪೇಟೆಯ ಸುತ್ತಮುತ್ತ ಮಾತ್ರ ಹುಡುಕಬೇಡಿ. ಎಣ್ಮಕಜೆ, ಪುತ್ತಿಗೆ, ಪೈವಳಿಕೆ, ವರ್ಕಾಡಿಗೆ ಕಳುಹಿಸಿ. ಕೊರಗರ ಕಾಲೊನಿಗಳಿಗೆ ಕಳುಹಿಸಿ. ಒಂದು ಮನೆಯ ಜಗಲಿಯಲ್ಲಿ ನಾಲ್ಕು ಸಲ ಕೂತು ಮಾತಾಡಿದ ವಿದ್ಯಾರ್ಥಿ ಆಮೇಲೆ ವಾರ್ಡಿನಲ್ಲಿ ರೋಗಿಯ ಹತ್ತಿರ ಬೇರೆಯೇ ರೀತಿ ನಿಲ್ಲುತ್ತಾನೆ.

ಇದರಲ್ಲಿ ನಮ್ಮ ಪಾಲಿನ ಕೆಲಸಕ್ಕೆ ನಾವು ತಯಾರಿದ್ದೇವೆ. ನಮ್ಮ ತಂಡದ ಜತೆ ಮನೆಭೇಟಿಗೆ ವಿದ್ಯಾರ್ಥಿಗಳನ್ನು ಕಳುಹಿಸಿದರೆ ಕರೆದುಕೊಂಡು ಹೋಗುತ್ತೇವೆ, ಜೀಪಿನಲ್ಲಿ ಜಾಗ ಇದೆ. ತುಳು, ಕನ್ನಡ ಕಲಿಸಲು ಇಲ್ಲಿಯ ನಿವೃತ್ತ ಶಿಕ್ಷಕರು ಬರುತ್ತಾರೆ, ನಾನು ಕೆಲವರ ಹತ್ತಿರ ಈಗಾಗಲೇ ಮಾತಾಡಿದ್ದೇನೆ. ಒಪ್ಪಿಗೆ ಪತ್ರ, ಮಾತ್ರೆ ಕವರಿನ ಬರಹವನ್ನು ಸರಳ ಕನ್ನಡಕ್ಕೆ ತರಲು ಕೂಡ ಜನ ಇದ್ದಾರೆ. ನೀವು ಒಂದು ದಿನ ಗೊತ್ತು ಮಾಡಿ ಕರೆದರೆ ಕಾಲೇಜಿಗೆ ಬರುತ್ತೇವೆ. ಮುಂದಿನ ಬ್ಯಾಚ್ ಸೇರುವ ಮೊದಲು ಆ ಮಾತುಕತೆ ಆಗಲಿ ಅಂತ ವಿನಂತಿ.

ಗೌರವದೊಂದಿಗೆ,

ಬದಿಯಡ್ಕ ಕಡೆಯ ಒಬ್ಬ ಪಾಲಿಯೇಟಿವ್ ಸ್ವಯಂಸೇವಕಿ